ಮೇಲಿನ ಯಾರೂ ಅಲ್ಲ

ಪರದೆಯ ಮೇಲೆ ಪ್ರೊಫೆಸರ್ ಷಡಕ್ಷರಿ ನಗುತ್ತಿದ್ದರು. ಅದು ಪಾಠ ಮಾಡುವವರ ನಗುವಲ್ಲ. ಕಾಲು ಮೇಜಿನ ಮೇಲಿತ್ತು, ಕಿವಿಗೆ ಫೋನು, ಎದುರಿಗೆ ಮೈಕು.

"ಎಷ್ಟು ಚೆನ್ನಾಗಿ ಮಾಡಿದ್ರೂ ಈ ಹಳ್ಳಿ ಮುಂಡೇವಕ್ಕೆ ಏನ್ ಗೊತ್ತಾಗುತ್ತೆ? ಗುಬ್ಬಿ ಬಸ್ಸಲ್ಲಿ ಫೋನ್ ಹಿಡ್ಕೊಂಡು ತೂಕಡಿಸ್ತವೆ. ಕೊನೇಲಿ ಒಂದು ಸರ್ಟಿಫಿಕೇಟ್ ಬಿಸಾಕಿದ್ರೆ ಆಯ್ತು!"

ತುಮಕೂರಿನ ಮರಳೂರಿನಲ್ಲಿರುವ ಆ ಕಾಲೇಜಿನ ಸಭಾಂಗಣದಲ್ಲಿ ಅಂದು ಕೂತಿದ್ದವರಲ್ಲಿ ಮುಕ್ಕಾಲು ಪಾಲು ಅದೇ ಗುಬ್ಬಿ, ಕುಣಿಗಲ್ ಕಡೆಯ ಮಕ್ಕಳು. ಷಡಕ್ಷರಿಯವರ ಹೊಸ ಆನ್‌ಲೈನ್ ಕೋರ್ಸಿನ ಉದ್ಘಾಟನೆಗೆ ಬಂದಿದ್ದವರು. ವಿಶ್ವವಿದ್ಯಾಲಯದಿಂದ ದೊಡ್ಡವರು ಬರುತ್ತಾರೆಂದು ಬಂದೋಬಸ್ತಿಗೆ ನನ್ನನ್ನೂ ಹಾಕಿದ್ದರು. ನಾನು ಹೆಡ್ ಕಾನ್‌ಸ್ಟೇಬಲ್ ಗುಂಡಯ್ಯ, ಊರು ಕಡಬ. ಆ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಯೂನಿಫಾರ್ಮ್ ಇಲ್ಲದಿದ್ದರೆ ವೇದಿಕೆ ಹತ್ತಿ ಕೇಳಿಯೇಬಿಡುತ್ತಿದ್ದೆ.

ನಡುವೆ ವಿಡಿಯೊ ನಿಂತು ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು.

ಈ ಪಾಠವನ್ನು ಸಿದ್ಧಪಡಿಸಿದವರು ಯಾರು?
ಅ) ಷಡಕ್ಷರಿ
ಆ) ಕಾಂತೇಶ್
ಇ) ಮೇಲಿನ ಯಾರೂ ಅಲ್ಲ

ಹುಡುಗರು ಹೋ ಎಂದು ಕೂಗಿದರು. ಮುಂದಿನ ಸಾಲಿನಲ್ಲಿದ್ದ ನಿಜವಾದ ಷಡಕ್ಷರಿ "ನಿಲ್ಸ್ರೋ! ನಿಲ್ಸ್ರೋ!" ಎಂದು ಎದ್ದರು. ವೇದಿಕೆಯಲ್ಲಿ ಗುಂಡಿ ಒತ್ತಿ ಉದ್ಘಾಟನೆ ಮಾಡಿದ್ದ ಪ್ರಿನ್ಸಿಪಾಲ್ ಚನ್ನವೀರಯ್ಯನವರು ಲ್ಯಾಪ್‌ಟಾಪಿನ ಮುಂದೆ ಕಂಬದ ಹಾಗೆ ನಿಂತಿದ್ದರು. ಕೈ ಇನ್ನೂ ಅದರ ಮೇಲೇ ಇತ್ತು. ಪಾಪ, ನಿವೃತ್ತಿಯ ಹೊಸ್ತಿಲಲ್ಲಿ ಮುದುಕರಿಗೆ ಇದೆಂಥ ಗ್ರಹಚಾರ ಎಂದುಕೊಂಡೆ. ಅಷ್ಟರಲ್ಲಿ ಪರದೆಯ ಷಡಕ್ಷರಿ ಮತ್ತೆ ಮಾತು ಶುರು ಮಾಡಿದರು.

"ಕೋರ್ಸ್ ಮಾಡಿದ್ದು ನಾನಲ್ಲ ಮಾರಾಯ. ಶಿಲ್ಪಾ ಅಂತ, ಆ ಕೊತ್ತಗೆರೆ ಹುಡುಗಿ. ಎರಡು ವರ್ಷ ಒದ್ದಾಡಿ ಮಾಡಿದ್ಲು. ನಾನು ನನ್ನ ಮುಖ ಹಾಕ್ದೆ, ಹೆಸರು ಹಾಕ್ದೆ, ಅವಳನ್ನ ಹೊರಗ್ ಹಾಕ್ದೆ! ಪ್ರಿನ್ಸಿಪಾಲ್ ಮುದುಕನ ಕೈಲೇ ಆರ್ಡರ್‌ಗೆ ಸೈನ್ ಹಾಕಿಸ್ದೆ. ಪುಣ್ಯಾತ್ಮ ಓದ್ಲೂ ಇಲ್ಲ."

ಹಿಂದಿನ ಸಾಲಿನಿಂದ ಕ್ಯಾಮೆರಾದ ಕಾಂತೇಶ್ ಓಡಿಬಂದು ವೈರು ಕಿತ್ತ. ಅಷ್ಟು ಹೊತ್ತಿಗೆ ಹೇಳಬೇಕಾದದ್ದೆಲ್ಲ ಹೇಳಿ ಮುಗಿದಿತ್ತು.

*

"ಇದು ಶಿಲ್ಪಾಳದೇ ಕೆಲಸ. ಸೇಡು! ಇವತ್ತೇ ಎಫ್‌ಐಆರ್ ಆಗ್ಬೇಕು," ಎಂದರು ಷಡಕ್ಷರಿ. ಅವರ ಕೊಠಡಿಯಲ್ಲಿ ಇನ್‌ಸ್ಪೆಕ್ಟರ್ ವನಜಾಕ್ಷಿ ಮೇಡಂ ಎದುರಿಗೆ ಕೂತಿದ್ದರು, ನಾನು ಬಾಗಿಲ ಬಳಿ.

"ವಿಡಿಯೊದಲ್ಲಿ ನೀವು ಹೇಳಿದ್ದು ನಿಜಾನಾ ಸರ್?"

"ಅದಲ್ಲ ಮೇಡಂ ಪ್ರಶ್ನೆ! ನಾನು ಫೋನಲ್ಲಿ ಮಾತಾಡಿದ್ದನ್ನ ಕದ್ದು ಹಾಕಿದಾರಲ್ಲ — ಅದು ಅಪರಾಧ ಹೌದೋ ಅಲ್ವೋ?"

"ಹೌದು," ಎಂದರು ಮೇಡಂ. "ನಿಮಗೇನಾಗ್ಬೇಕು ಈಗ?"

ಷಡಕ್ಷರಿ ಮುಂದಕ್ಕೆ ಬಾಗಿದರು. "ಅವಳು ಸರ್ಕಾರಿ ಕಾಲೇಜಿಗೆ ಸೆಲೆಕ್ಟ್ ಆಗಿದಾಳೆ. ಪೊಲೀಸ್ ವೆರಿಫಿಕೇಶನ್ ಬಾಕಿ ಇದೆ. ಒಂದು ಕೇಸ್ ಬಿದ್ರೆ ಸಾಕು. ಸಾಯೋವರೆಗೂ ಟ್ಯುಟೋರಿಯಲ್‌ನಲ್ಲೇ ಕೊಳೀಲಿ. ನನ್ನ ಮರ್ಯಾದೆ ತೆಗೆದೋಳು ಹೆಂಗೆ ಬದುಕ್ತಾಳೆ ನೋಡ್ತೀನಿ!"

ಹೊರಗೆ ಬಂದ ಮೇಲೆ ನಾನು ತಡೆಯಲಾರದೆ ಅಂದೆ: "ಮೇಡಂ, ಇಂಥೋನ ಕಂಪ್ಲೇಂಟ್ ತಗೊಂಡು ನಾವು ಓಡಾಡ್ಬೇಕಾ?"

"ಓಡಾಡ್ಬೇಕು ಗುಂಡಯ್ಯನೋರೆ. ಮಾಡ್ದೇ ಇರೋರ ಹೆಸರು ಎಫ್‌ಐಆರ್‌ನಲ್ಲಿ ಬೀಳ್ಬಾರ್ದಲ್ಲ, ಅದಕ್ಕೆ."

*

ಸ್ಟುಡಿಯೊ ಎಂದರೆ ಹಳೆಯ ಲ್ಯಾಬಿಗೆ ಕಪ್ಪು ಪರದೆ ಹೊಡೆದ ಕೋಣೆ. ಆಯುಧ ಪೂಜೆಯ ವಿಭೂತಿ ಪಟ್ಟೆ ಇನ್ನೂ ಕ್ಯಾಮೆರಾದ ಮೇಲಿತ್ತು. ಕಾಂತೇಶನ ಮುಖದಲ್ಲಿ ರಕ್ತವೇ ಇರಲಿಲ್ಲ.

"ರೆಕಾರ್ಡ್ ಮಾಡಿದ್ದು ನೀನೇನಾ?" ಮೇಡಂ ಕೇಳಿದರು.

"ಕ್ಯಾಮೆರಾ ಆನ್ ಇತ್ತು ಮೇಡಂ. ಸಾರ್‌ಗೆ ಮಧ್ಯದಲ್ಲಿ ಫೋನ್ ಬಂತು, ನಾನು ಟೀ ತರೋಕ್ ಹೋದೆ. ಬೇಡದ ತುಂಡೆಲ್ಲ ಕತ್ತರಿಸಿ ಒಂದ್ ಕಡೆ ಇಟ್ಟಿರ್ತೀನಿ. ಕೂತ್ಕೊಂಡ್ ಕೇಳಲ್ಲ. ದೇವ್ರಾಣೆ."

"ಅದನ್ನ ಯಾರ್ಯಾರು ನೋಡ್ಬಹುದು?"

ಕಾಂತೇಶ್ ಗೋಡೆ ತೋರಿಸಿದ. ಕೋರ್ಸಿನ ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಕೆಳಗೆ 'ಯಾರೂ ಬದಲಾಯಿಸಬಾರದು' ಎಂಬ ಎಚ್ಚರಿಕೆ ಬೇರೆ.

ಮೇಡಂ ಹಣೆ ಚಚ್ಚಿಕೊಂಡರು. "ಇಡೀ ಕಾಲೇಜಿಗೇ ಬಾಗಿಲು ತೆಗೆದಿಟ್ಟಿದೀರಲ್ಲಪ್ಪ!"

"ಮರೀತಾರೆ ಮೇಡಂ ಎಲ್ಲರೂ. ಪ್ರಿನ್ಸಿಪಾಲ್ ಸಾರ್‌ಗೆ ಮೇಲ್ ಓಪನ್ ಮಾಡ್ಕೊಡೋಕೂ ನಾನೇ ಹೋಗ್ಬೇಕು."

"ನಿನ್ನ ಹೆಸರು ಪ್ರಶ್ನೆಲಿ ಬಂತಲ್ಲ, ಯಾಕೆ?"

"ಅದೇ ಮೇಡಂ ನಂಗೂ ಭಯ. ಯಾರೋ ನನ್ನನ್ನೂ ಎಳೆದಿದಾರೆ. ನನ್ನ ಕೆಲಸ ಹೋಗುತ್ತೆ."

ನನಗೆ ಅವನ ಮೇಲೇ ಅನುಮಾನ. ಸ್ಟುಡಿಯೊದ ಕೀ ಅವನ ಹತ್ತಿರ, ತುಂಡು ಅವನ ಹತ್ತಿರ. ಬೇಕಂತಲೇ ತಡಮಾಡಿ ವೈರು ಕಿತ್ತನೇ? ಜೀಪಿನಲ್ಲಿ ಹಾಗೆಂದು ಹೇಳಿದೆ. ಮೇಡಂ ಜೀಪನ್ನು ಗುಬ್ಬಿ ಕಡೆ ತಿರುಗಿಸಲು ಹೇಳಿದರು.

*

ಶಿಲ್ಪಾ ಗುಬ್ಬಿಯ ಒಂದು ಟ್ಯುಟೋರಿಯಲ್‌ನಲ್ಲಿ ಸಿಕ್ಕಳು. ಉದ್ಘಾಟನೆಯ ಹೊತ್ತಿಗೆ ಅವಳು ಅಲ್ಲೇ ತರಗತಿ ತೆಗೆದುಕೊಳ್ಳುತ್ತಿದ್ದಳೆಂದು ಮಕ್ಕಳೆಲ್ಲ ಒಂದೇ ದನಿಯಲ್ಲಿ ಹೇಳಿದರು. ಅದರಿಂದೇನೂ ಇತ್ಯರ್ಥವಾಗುವುದಿಲ್ಲ. ಪಾಸ್‌ವರ್ಡ್ ಗೊತ್ತಿದ್ದವರು ಎಲ್ಲಿಂದಲಾದರೂ ವಿಡಿಯೊ ಬದಲಾಯಿಸಬಹುದಿತ್ತು.

"ನಾನು ಮಾಡಿಲ್ಲ ಮೇಡಂ," ಎಂದಳು. ಕಣ್ಣು ಕೆಂಪಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಮಾಡಿದೋರು ಸಿಕ್ಕಿದ್ರೆ ನಂಗೂ ಹೇಳಿ. ಕಾಲಿಗ್ ಬೀಳ್ತೀನಿ."

"ಅಷ್ಟು ಕೋಪಾನಾ?"

"ಕೋಪ ಅಲ್ಲ ಮೇಡಂ. ಹೊಟ್ಟೇಲಿ ಬೆಂಕಿ. ಅಂಕಿಅಂಶದ ಪಾಠ ಅಂದ್ರೆ ನಮ್ಮ ಮಕ್ಳು ಫೋನ್ ಮಗುಚಿ ಇಟ್ಟುಬಿಡ್ತಿದ್ರು. ನಾನು ಕಡಬದ ಕೆರೆ ಏರಿ ಮೇಲೆ ಕೂತು, ಮಳೆ ಬಂದಾಗ ನೀರೆಷ್ಟು ಏರ್ತು ಅನ್ನೋದ್ರಿಂದ ಪಾಠ ಶುರು ಮಾಡ್ದೆ. ಸರಾಸರಿ ಅಂದ್ರೇನು ಅಂತ ನಮ್ಮಪ್ಪನ ತೋಟದ ತೆಂಗಿನಮರದ ಗೊನೆ ಎಣಿಸಿ ತೋರಿಸ್ದೆ. ಷಡಕ್ಷರಿ ಸಾರ್ ಅದನ್ನೂ ಬಿಡ್ಲಿಲ್ಲ. 'ನಮ್ಮಪ್ಪನ ತೋಟದಲ್ಲಿ' ಅಂತ ಅವರೇ ಓದಿದಾರೆ! ಅವರಪ್ಪಂಗೆ ಒಂದು ಕುಂಡದ ಗಿಡಾನೂ ಇರ್ಲಿಲ್ಲ."

ನನಗೆ ನಗು ಬಂತು. ಮೇಡಂ ನಗಲಿಲ್ಲ.

"ಇವೆಲ್ಲ ಬೇರೆ ಮೇಷ್ಟ್ರುಗಳಿಗೂ ಕಲಿಸಿದ್ರಾ?"

"ಒಂದು ತರಬೇತಿ ಇಟ್ಟಿದ್ದೆ. ಚಿಕ್ಕ ಚಿಕ್ಕ ವಿಡಿಯೊ ಮಾಡಿ, ಮಧ್ಯೆ ಒಂದು ಪ್ರಶ್ನೆ ಇಡಿ, ಸರಿ ಉತ್ತರ ಒತ್ತೋವರೆಗೂ ಮುಂದಕ್ಕೆ ಬಿಡಬೇಡಿ, ಆಗ ಯಾರೂ ತೂಕಡಿಸಲ್ಲ ಅಂತ. ತಪ್ಪು ಉತ್ತರ ಕೊಟ್ಟ ಮಗೂನ ಬರೀ 'ತಪ್ಪು' ಅಂತ ಕಳಿಸಬೇಡಿ, ಯಾಕೆ ತಪ್ಪು ಅಂತ ಒಂದು ಮಾತು ಬರೀರಿ ಅಂತಾನೂ ಹೇಳ್ಕೊಟ್ಟೆ. ಯಾರಿಗ್ ಬೇಕು ಮೇಡಂ? ಷಡಕ್ಷರಿ ಸಾರ್ ಒಂದಿನಾನೂ ಬರ್ಲಿಲ್ಲ. ಉಳಿದೋರು ಟೀ ಕುಡಿದು ಎದ್ದು ಹೋದ್ರು. ಕಾಂತೇಶ್ ಕ್ಯಾಮೆರಾ ಹಿಂದೆ. ಪ್ರಿನ್ಸಿಪಾಲ್ ಸಾರ್ ಮಾತ್ರ ದಿನಾ ಬಂದು ಕೊನೇಲಿ ಕೂತ್ಕೊಳ್ತಿದ್ರು. ಎಸಿಗೆ ಬರ್ತಾರೆ ಅಂತ ನಾವೇ ಹಿಂದಿಂದ ಆಡ್ಕೊಳ್ತಿದ್ವಿ, ಪಾಪ."

"ಅದೇ ಪ್ರಿನ್ಸಿಪಾಲ್ ನಿಮ್ಮನ್ನ ತೆಗೆದುಹಾಕಿದ್ದು?"

ಶಿಲ್ಪಾ ಮುಖ ತಿರುಗಿಸಿದಳು. "ಸೈನ್ ಅವರದೇ. ಅದನ್ನ ಮಾತ್ರ ನಾನು ಮರೆಯಲ್ಲ."

ವಾಪಸು ಬರುವಾಗ ಗುಬ್ಬಿ ದಾಟಿದ ಮೇಲೆ ಮೇಡಂ ಒಮ್ಮೆಲೇ ಕೇಳಿದರು: "ಗುಂಡಯ್ಯನೋರೆ, ಪರದೆ ಮೇಲೆ ಪ್ರಶ್ನೆ ಬಂದಾಗ ನೀವು ಅಲ್ಲೇ ಇದ್ರಿ, ಅಲ್ವಾ?"

"ಇದ್ದೆ ಮೇಡಂ."

"ಕಾಂತೇಶ್ ಎಲ್ಲಿದ್ದ?"

"ಹಿಂದೆ, ಪ್ರೊಜೆಕ್ಟರ್ ಹತ್ರ."

"ಆಮೇಲೆ ವಿಡಿಯೊ ಮುಂದುವರೀತು?"

"ಹೂಂ, ಪೂರ್ತಿ ಬಂತು."

"ಹೆಂಗ್ ಬಂತು?"

 

*

ಮರುದಿನ ಪ್ರಿನ್ಸಿಪಾಲರ ಕೊಠಡಿಯಲ್ಲಿ ಎಲ್ಲರನ್ನೂ ಸೇರಿಸಿದರು. ಷಡಕ್ಷರಿ ಗೆದ್ದವರ ಹಾಗೆ ಮುಂದಿನ ಕುರ್ಚಿ ಹಿಡಿದಿದ್ದರು. ಶಿಲ್ಪಾ ಗೋಡೆಯ ಪಕ್ಕ ನಿಂತಿದ್ದಳು. ಪ್ರಿನ್ಸಿಪಾಲ್ ಚನ್ನವೀರಯ್ಯನವರು ಕನ್ನಡಕ ಒರೆಸುತ್ತಿದ್ದರು. ಮೇಜಿನ ಮೇಲೆ ಉದ್ಘಾಟನೆಯ ಅದೇ ಲ್ಯಾಪ್‌ಟಾಪು, ಅದೇ ವಿಡಿಯೊ. ಪ್ರಶ್ನೆ ಬಂದು ನಿಂತಿತು.

"ಗುಂಡಯ್ಯನೋರೆ, ಉತ್ತರ ಕೊಡಿ."

ಬ್ಯಾನರ್ ತುಂಬ ಷಡಕ್ಷರಿಯ ಹೆಸರಿತ್ತಲ್ಲ, ಮೊದಲ ಸಲ ನೋಡುವವನು ಏನು ಒತ್ತುತ್ತಾನೋ ಅದನ್ನೇ ಒತ್ತಿದೆ. 'ಅ'. ಪರದೆಯ ಮೇಲೆ ಒಂದು ಸಾಲು ಬಂತು: 'ಇಲ್ಲ. ಇವರು ಕೊಟ್ಟಿದ್ದು ಮುಖ ಮಾತ್ರ. ಮತ್ತೊಮ್ಮೆ ಗಮನವಿಟ್ಟು ನೋಡಿ.' ವಿಡಿಯೊ ಮೊದಲಿನಿಂದ ಶುರುವಾಯಿತು. ಎರಡನೆಯ ಸಲ 'ಆ' ಒತ್ತಿದೆ. 'ಇಲ್ಲ. ಇವರು ಕ್ಯಾಮೆರಾ ಹಿಡಿದರು, ಪಾಠ ಇವರದಲ್ಲ.' ಮತ್ತೆ ಮೊದಲಿನಿಂದ.

ಕಾಂತೇಶ್ ಉಸಿರು ಬಿಟ್ಟ.

"ಯಾರು ಹಾಕಿದ್ರು, ಎಲ್ಲಿಂದ ಹಾಕಿದ್ರು ಅಂತಲೇ ನಾವೆಲ್ಲ ತಲೆ ಕೆಡಿಸ್ಕೊಂಡ್ವಿ," ಎಂದರು ಮೇಡಂ. "ಪಾಸ್‌ವರ್ಡ್ ಗೋಡೆ ಮೇಲಿದೆ, ಯಾರು ಬೇಕಾದ್ರೂ ಹಾಕಬಹುದಿತ್ತು. ಆದ್ರೆ ಅವತ್ತು ವಿಡಿಯೊ ಈ ಪ್ರಶ್ನೆ ಹತ್ರ ನಿಂತೇ ಇರ್ಬೇಕಾಗಿತ್ತು. ಮುಂದಕ್ಕೆ ಹೋಯ್ತು. ಅಂದ್ರೆ ಯಾರೋ ಉತ್ತರ ಒತ್ತಿದಾರೆ — ಅದೂ ಮೊದಲನೇ ಸಲಕ್ಕೇ ಸರಿಯಾಗಿ. ಹುಡುಗರು ಕೂಗ್ತಿದ್ರು, ಷಡಕ್ಷರಿಯವರು ಕಿರುಚ್ತಿದ್ರು. ಕಾಂತೇಶ್ ಹಿಂದಿದ್ದ, ಶಿಲ್ಪಾ ಗುಬ್ಬೀಲಿದ್ಲು. ಲ್ಯಾಪ್‌ಟಾಪ್ ಮುಂದೆ ಇದ್ದೋರು ಒಬ್ರೇ."

ಎಲ್ಲರೂ ತಿರುಗಿ ನೋಡಿದರು. ಚನ್ನವೀರಯ್ಯನವರು ಕನ್ನಡಕ ಹಾಕಿಕೊಂಡರು.

"ಗುಂಡಿ ಒತ್ತೋಕೆ ಕರೆಯೋ ದೊಡ್ಡೋರಿಗೆ ಗುಂಡಿ ಬಿಟ್ಟು ಬೇರೇನೂ ಗೊತ್ತಿಲ್ಲ ಅಂತ ನಾವು ಅಂದ್ಕೊಳ್ತೀವಿ," ಎಂದರು ಮೇಡಂ. "ಸರ್, ನೀವು ತರಬೇತಿಗೆ ಬರ್ತಿದ್ದು ಎಸಿಗಲ್ಲ. ತಪ್ಪು ಉತ್ತರಕ್ಕೂ ಕಾರಣ ಬರೀಬೇಕು ಅನ್ನೋದನ್ನ ಶಿಲ್ಪಾ ಹತ್ರ ಪೂರ್ತಿ ಕಲಿತೋರು ನೀವೊಬ್ರೇ. ಇಂಥ ಹೊತ್ತಲ್ಲೂ ಅದನ್ನ ಬಿಡ್ಲಿಲ್ಲ ನೀವು."

ಷಡಕ್ಷರಿ ಕುರ್ಚಿಯಿಂದ ಎದ್ದರು. "ನೀವಾ? ನೀವಾ ಸಾರ್?"

"ನಾನೇ ಕಣಯ್ಯ," ಎಂದರು ಚನ್ನವೀರಯ್ಯ. ಆ ಮೆತ್ತನೆಯ ಮನುಷ್ಯನ ದನಿಯಲ್ಲಿ ಅಂಥ ವಿಷ ಇರಬಹುದೆಂದು ನಾನು ಎಣಿಸಿರಲಿಲ್ಲ. "ಶಿಲ್ಪಾ ನಿನ್ನ ಪಾಠ ಕದ್ದು ತನ್ನ ಹೆಸರಿಗೆ ಮಾಡ್ಕೊಂಡಿದಾಳೆ ಅಂತ ನೀನು ಅಂದೆ. ನಿನ್ನ ನಂಬಿ ಸೈನ್ ಹಾಕ್ದೆ. ಆಮೇಲೆ ಸಂಶಯ ಬಂದು ಒಂದು ಸಂಜೆ ಕೂತು ಸ್ಟುಡಿಯೊದ ತುಂಡುಗಳನ್ನೆಲ್ಲ ನೋಡಿದೆ. ನೀನು ನಗ್ತಾ ಇದ್ದೆ. ನನ್ನ ಕೈಯಿಂದಲೇ ಆ ಮಗೂ ಕತ್ತು ಕೊಯ್ಸಿ ನಗ್ತಾ ಇದ್ದೆ! ಆಡಳಿತ ಮಂಡಳಿಗೆ ಹೇಳಿದ್ರೆ ಮುಚ್ಚಿಹಾಕ್ತಿದ್ರು. ನೀನು ಯಾರನ್ನ ಮುಂಡೇವು ಅಂದ್ಯೋ ಅವರ ಮುಂದೇನೇ ನಿನ್ನ ಮುಖವಾಡ ಬಿಚ್ಚಬೇಕಿತ್ತು. ಅದಕ್ಕೆ ಅದೇ ಕೈಯಿಂದ ಒತ್ತಿದೆ."

"ಪ್ರಶ್ನೆ ಇಡದೇ ಇದ್ರೆ ನೀವು ಸಿಗ್ತಾನೇ ಇರ್ಲಿಲ್ಲ ಸರ್," ಎಂದರು ಮೇಡಂ. "ಯಾಕಿಟ್ರಿ?"

"ಮಧ್ಯೆ ಪ್ರಶ್ನೆ ಇಲ್ದಿದ್ರೆ ನೋಡೋರು ತೂಕಡಿಸ್ತಾರೆ ಅಂತ ಶಿಲ್ಪಾ ಹೇಳ್ಕೊಟ್ಟಿದ್ಲು. ಅವತ್ತು ಯಾರೂ ತೂಕಡಿಸಬಾರದಿತ್ತು." ಅವರು ಎರಡೂ ಕೈ ಮೇಜಿನ ಮೇಲಿಟ್ಟರು. "ಬರ್ಕೊಳ್ಳಿ ಮೇಡಂ. ಕೋರ್ಟಲ್ಲಿ ಒಪ್ಕೊಳ್ತೀನಿ. ಅಲ್ಲೂ ಆ ವಿಡಿಯೊ ಪೂರ್ತಿ ಹಾಕ್ಲೇಬೇಕಲ್ಲ, ಇನ್ನೊಂದ್ಸಲ ಎಲ್ಲರೂ ನೋಡ್ಲಿ."

ಷಡಕ್ಷರಿಯ ಮುಖ ಸುಟ್ಟ ಬದನೆಕಾಯಿಯಾಯಿತು. ಕೋರ್ಟು, ಪರದೆ, ಮತ್ತೆ ಅದೇ ಮಾತು. "ಮೇಡಂ... ಕಂಪ್ಲೇಂಟ್ ಬೇಡ. ವಾಪಸ್ ತಗೋತೀನಿ. ಇಲ್ಲಿಗೇ ಮುಗಿಸೋಣ."

"ನಿಮ್ಮದು ಮುಗೀತು," ಎಂದಳು ಶಿಲ್ಪಾ.

ಅವಳು ಗೋಡೆ ಬಿಟ್ಟು ಮುಂದೆ ಬಂದಳು. ಚನ್ನವೀರಯ್ಯನವರ ಕಾಲಿಗೆ ಬೀಳಲು ಬಗ್ಗಿದವಳು ಏನು ನೆನಪಾಯಿತೋ, ಅರ್ಧಕ್ಕೇ ನಿಂತು ಅವರ ಮುಖ ನೋಡಿದಳು.

"ಬೇಡ ತಾಯಿ," ಎಂದರು ಅವರು. ಕಣ್ಣು ತುಂಬಿದ್ದವು. "ಸೈನ್ ಹಾಕಿದ ಕೈ ಇದೇ. ನೀನು ದೂರು ಕೊಡು, ನಾನು ಸಾಕ್ಷಿ ಹೇಳ್ತೀನಿ. ಈ ಸಲ ಓದಿ ಸೈನ್ ಹಾಕ್ತೀನಿ."

ಶಿಲ್ಪಾ ಷಡಕ್ಷರಿಯ ಎದುರಿನ ಕುರ್ಚಿ ಎಳೆದು ಕೂತಳು. ನಾನು ಹೇಳಿಸಿಕೊಳ್ಳದೆಯೇ ಪೆನ್ನು ತೆಗೆದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ದೂರು ಬರೆದುಕೊಳ್ಳಲು ನನ್ನ ಕೈ ಇಷ್ಟು ತವಕಿಸಿದ್ದಿಲ್ಲ.

"ಹೇಳಮ್ಮ," ಎಂದೆ. "ಆರೋಪಿ ಯಾರು?"

ಅವಳು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು. ಪ್ರಶ್ನೆ ಮತ್ತೆ ಬಂದು ಉತ್ತರಕ್ಕಾಗಿ ಕಾಯುತ್ತಿತ್ತು.

"ಈ ಸಲ ಮೊದಲನೇದೇ ಸರಿ ಉತ್ತರ ಸಾರ್. ಅದನ್ನೇ ಬರ್ಕೊಳ್ಳಿ."