ಇಲ್ಲದ್ದು ಸದ್ದು ಮಾಡುವುದಿಲ್ಲ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಪಶುವೈದ್ಯೆ ಠಾಣೆಗೆ ಬಂದಳು. ಬೂಟಿನ ಕೆಸರು ಇನ್ನೂ ಒಣಗಿರಲಿಲ್ಲ. ಗುಡ್ಡದ ಮೇಲಿನ ದನಗಳನ್ನು ನೋಡಲೆಂದು ಅವಳು ಪುಟ್ಟದೊಂದು ಹಳೆ ಜೀಪು ಕೊಂಡಿದ್ದಳು. ಹಿಂದಿನ ದಿನ ಕೆಸರಿನ ಏರಿನಲ್ಲಿ ಅದು ಹಿಮ್ಮುಖವಾಗಿ ಜಾರಿ, ತಳ್ಳುತ್ತಿದ್ದ ಗಂಡನ ಕಾಲು ಮುರಿದಿತ್ತು.

"ನಾಲ್ಕೂ ಚಕ್ರ ಎಳೆಯೋ ಹಾಗೆ ಲಿವರ್ ಹಾಕಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹಾಕಿದ್ದೆ. ನಮ್ಮನೆಯವ್ರು ಹಾಕಿಲ್ಲ ಅಂತಾರೆ. ಮಾರಿದವನದ್ದೂ ಅದೇ ರಾಗ. ತಪ್ಪು ನಂದಾ ಅಲ್ವಾ, ಅಷ್ಟು ಗೊತ್ತಾಗ್ಬೇಕು ಸಾರ್."

"ಕೊಳ್ಳೋ ಮುಂಚೆ ಯಾರಿಗೆ ತೋರಿಸಿದ್ರಿ?"

"ಮಾರಿದವನೇ ಕಿವಿ ಮೇಸ್ತ್ರಿ. ಇನ್ಯಾರಿಗೆ ತೋರಿಸ್ಲಿ?"

ಇಂಜಿನ್ನಿಗೆ ಕಿವಿಗೊಟ್ಟೇ ರೋಗ ಹೇಳುವ ಮೆಕ್ಯಾನಿಕ್ ಅವನು. ಹಳೆ ಗಾಡಿ ಕೊಳ್ಳುವವರೆಲ್ಲ ಮೊದಲು ಅವನನ್ನೇ ಕರೆದೊಯ್ಯುತ್ತಿದ್ದರು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಠಾಣೆಯ ಅಂಗಳದಲ್ಲಿ ಮಹಿಳಾ ಕಾನ್‌ಸ್ಟೆಬಲ್ ಗೋಣಿಚೀಲ ಹಾಸಿ ಜೀಪಿನಡಿ ನುಸುಳಿದಳು. ತಾನೂ ಇಂಥದ್ದೊಂದು ಜೀಪು ಕೊಳ್ಳಲು ಕಣ್ಣಿಟ್ಟಿದ್ದರಿಂದ ಅವಳ ತಪಾಸಣೆ ತುಸು ಜೋರಾಗಿಯೇ ಇತ್ತು. ತುಕ್ಕಿಲ್ಲ, ಎಣ್ಣೆ ಸೋರಿಕೆಯಿಲ್ಲ.

"ಸಾರ್, ಇಂಜಿನ್ನಿಂದ ಹಿಂದಿನ ಚಕ್ರಕ್ಕೆ ಅದನ್ನ ತಿರುಗಿಸೋ ಶಾಫ್ಟ್ ಇದೆ. ಮುಂದಿನದಕ್ಕೆ ಇಲ್ಲ."

"ಮುರಿದಿದ್ಯಾ?"

"ಮುರಿಯೋಕೆ ಇದ್ರೆ ತಾನೆ? ಆ ಜಾಗಕ್ಕೆ ತಗಡಿನ ಮುಚ್ಚಳ ಬಡಿದಿದ್ದಾರೆ. ಹೆಸರಿಗೆ ನಾಲ್ಕು, ಎಳೆಯೋದು ಎರಡು."

ಲಿವರ್ ಸಲೀಸಾಗಿ ಬೀಳುತ್ತಿತ್ತು, ಅದರ ದೀಪವೂ ಹತ್ತುತ್ತಿತ್ತು. ಡಾಂಬರು ರಸ್ತೆಯಲ್ಲಿ ಓಡಿಸಿ ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ.

ನಾಲ್ಕು ಗಂಟೆಗೆ ಗ್ಯಾರೇಜಿನಲ್ಲಿ ಇನ್‌ಸ್ಪೆಕ್ಟರ್ ಶಾಫ್ಟಿನ ಮಾತೆತ್ತಿದಾಗ ಮೇಸ್ತ್ರಿ ಕೈ ಒರೆಸುತ್ತ ಎದ್ದ.

"ನಾನು ಕೊಂಡಾಗ್ಲೇ ಹಾಗಿತ್ತೋ ಏನೋ. ನಂಗೊತ್ತಿಲ್ಲ."

"ಹುಳ ಕೆಮ್ಮಿದ್ರೂ ಕೇಳಿಸುತ್ತಂತೆ ನಿಂಗೆ," ಎಂದಳು ಕಾನ್‌ಸ್ಟೆಬಲ್, "ಇದು ಕೇಳಿಸ್ಲಿಲ್ವಾ?"

ಬೆಂಚಿನಡಿ ದುಂಡಗೆ ತೂತು ಕತ್ತರಿಸಿದ ತಗಡೊಂದು ಬಿದ್ದಿತ್ತು. ಸಾಕ್ಷಿಗೆ ಕರೆದ ಪಂಚರ ಮುಂದೆ, ಜೀಪಿನಿಂದ ಬಿಚ್ಚಿ ತಂದ ಮುಚ್ಚಳವನ್ನು ಅದರ ತೂತಿಗಿಟ್ಟರು. ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಪಂಚನಾಮೆ ಬರೆದು ಎರಡನ್ನೂ ವಶಕ್ಕೆ ಪಡೆದರು.

ಮೇಸ್ತ್ರಿ ಸ್ಟೂಲು ಎಳೆದುಕೊಂಡು ಕೂತ.

"ಕೊಂಡಾಗ ಒಂದು ಸದ್ದಿಲ್ಲ ಸಾರ್. ಬೆಣ್ಣೆ ಹಾಗೆ ಓಡ್ತು. ಬಗ್ಗಿ ನೋಡ್ಲೇ ಇಲ್ಲ."

"ಇಲ್ಲದ್ದು ಎಲ್ಲಾದ್ರೂ ಸದ್ದು ಮಾಡುತ್ತೇನಯ್ಯಾ?" ಎಂದರು ಇನ್‌ಸ್ಪೆಕ್ಟರ್.

"ಆಮೇಲೆ ಗೊತ್ತಾಯ್ತು. ಕಿವಿ ಮೇಸ್ತ್ರಿಗೇ ಟೋಪಿ ಬಿತ್ತು ಅಂದ್ರೆ ನನ್ನ ಮಾತು ಇನ್ಯಾರು ಕೇಳ್ತಾರೆ?"

ಐದೂವರೆಗೆ ಅವನನ್ನು ಬಂಧಿಸಲಾಯಿತು. ಹೊಸ ಶಾಫ್ಟ್ ತರಿಸಿ ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಬಿಡಿಭಾಗದ ಅಂಗಡಿಯವನು, ಯಾವ ಗಾಡಿಗೆ ಮೇಸ್ತ್ರಿ, ಎಂದು ಕೇಳಿಯೇ ಕೇಳುತ್ತಿದ್ದ. ಆ ಒಂದು ಪ್ರಶ್ನೆಗೆ ಅವನು ಹೆದರಿದ್ದ.

ಠಾಣೆಯ ಮೆಟ್ಟಿಲ ಮೇಲೆ ಪಶುವೈದ್ಯೆ ಆಸ್ಪತ್ರೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು.

"ರೀ, ನಾನು ಹಾಕಿದ್ದೆ."

"ಏನನ್ನೇ?"

"ಲಿವರ್ರು."