ನಾಲ್ಕನೇ ಲೈನಿನ ಅಭಿಪ್ರಾಯಗಳು

ಅವನು ಮೊದಲ ಸಲ ಫೋನ್ ಮಾಡಿದಾಗ ನಾನು ಅವನನ್ನು ಅರ್ಧ ನಿಮಿಷದಲ್ಲಿ ಸಾಗಹಾಕಬೇಕಾಗಿತ್ತು. ನನ್ನ ಕೆಲಸವೇ ಅದು.

ರೇಡಿಯೋದಲ್ಲಿ ಪ್ರತಿ ಸೋಮವಾರ ಸಂಜೆ ಐದರಿಂದ ಆರರವರೆಗೆ ನಮ್ಮ ಕಾರ್ಯಕ್ರಮ ಬರುತ್ತದೆ. ಊರಿನ ಫುಟ್‌ಬಾಲ್ ತಂಡದ ಬಗ್ಗೆ, ಹಾಕಿ ತಂಡದ ಬಗ್ಗೆ ಯಾರು ಬೇಕಾದರೂ ಫೋನ್ ಮಾಡಿ ಅಭಿಪ್ರಾಯ ಹೇಳಬಹುದು. ಜಾಹೀರಾತಿನಲ್ಲಿ ಹಾಗಿದೆ, ಅಷ್ಟೆ. ಗಾಜಿನ ಆಚೆ ಕಾರ್ಯಕ್ರಮ ನಡೆಸುವವನು ಕೂತಿರುತ್ತಾನೆ. ಅವನ ಗಂಟಲಿಗೆ ಮೆಚ್ಚಿ ಊರೆಲ್ಲ ಅವನನ್ನು ಗುಡುಗು ಎಂದೇ ಕರೆಯುತ್ತದೆ. ಈಚೆ ನಾನು, ನಾಲ್ಕು ಫೋನ್ ಲೈನು, ಒಂದು ಕಂಪ್ಯೂಟರು. ಫೋನ್ ಮಾಡಿದವರ ಕಸುಬು ಮತ್ತು ಅಭಿಪ್ರಾಯ ಎರಡನ್ನೂ ಒಂದೇ ಸಾಲಿನಲ್ಲಿ ಟೈಪ್ ಮಾಡುತ್ತೇನೆ: 'ಟೈಲರ್, ಕೋಚನ್ನು ಓಡಿಸಬೇಕು.' ಗುಡುಗು ನೋಡಿ ಬೆರಳು ತೋರಿಸಿದರೆ ಆ ಲೈನನ್ನು ಒಳಗೆ ಬಿಡುತ್ತೇನೆ. ಅವನ ನಿಯಮ ಸರಳ. ಬೈಯುವವರು ಬೇಕು, ಇಲ್ಲವೇ ಅಳುವವರು ಬೇಕು. ಮಧ್ಯದವರು ಬೇಡ. ಮಧ್ಯದವರಿಗೆ ನಾನು 'ಲೈನ್ ತುಂಬಿದೆ, ಮುಂದಿನ ವಾರ ಪ್ರಯತ್ನಿಸಿ' ಎಂದು ನಯವಾಗಿ ಹೇಳಿ ಇಡಬೇಕು.

ಅವನು ಮಧ್ಯದವನು.

"ಕಸುಬು?" ಎಂದು ಕೇಳಿದೆ. ಕಟ್ಟುಹಲ್ಲು ಮಾಡುತ್ತೇನೆ ಎಂದ. ಹಿಂದೆ ಸಣ್ಣ ಯಂತ್ರವೊಂದು ಗುಂಯ್‌ಗುಡುತ್ತಿತ್ತು. ಅಭಿಪ್ರಾಯ ಕೇಳಿದೆ. ಹಿಂದಿನ ದಿನ ನಮ್ಮ ಫುಟ್‌ಬಾಲ್ ತಂಡ ಮೂರು ಗೋಲು ತಿಂದು ಬಂದಿತ್ತು. ಉಳಿದ ಮೂರು ಲೈನಿನಲ್ಲಿ ಮೂವರು ಗೋಲ್‌ಕೀಪರ್‌ನ ಚರ್ಮ ಸುಲಿಯಲು ಕಾಯುತ್ತಿದ್ದರು.

"ಕೀಪರ್‌ದು ತಪ್ಪಿಲ್ಲ ಅನ್ಸುತ್ತೆ," ಎಂದ ಅವನು, ಯೋಚಿಸಿ ಯೋಚಿಸಿ. "ಲೆಫ್ಟ್ ಬ್ಯಾಕ್ ಮುಂದಕ್ಕೆ ಓಡ್ತಾನೆ, ವಾಪಸ್ ಬರೋದು ಮರೀತಾನೆ. ಆದ್ರೆ ಅವನನ್ನೂ ಬೈಯೋ ಹಾಗಿಲ್ಲ. ಮುಂದಕ್ಕೆ ಓಡು ಅಂತ ಅವನಿಗೆ ಯಾರೋ ಹೇಳಿರ್ತಾರಲ್ವಾ?"

ಹತ್ತು ವರ್ಷದ ಕೆಲಸದಲ್ಲಿ ಇಂಥ ಮೆತ್ತಗಿನ ಅಭಿಪ್ರಾಯ ನನ್ನ ಕಿವಿಗೆ ಬಿದ್ದಿರಲಿಲ್ಲ. 'ಒಂದು ನಿಮಿಷ ಇರಿ' ಎಂದು ಹೇಳಿ ಅವನನ್ನು ನಾಲ್ಕನೇ ಲೈನಿನಲ್ಲಿ ಕಾಯಿಸಿದೆ. ಯಾಕೆ ಕಾಯಿಸಿದೆ ಎಂದು ಆಗ ಗೊತ್ತಾಗಲಿಲ್ಲ. ಬೈಯುವವರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟು, ನಡುವೆ ಸಿಕ್ಕ ಬಿಡುವಿನಲ್ಲೆಲ್ಲ ಅವನ ಬಳಿಗೆ ಹೋದೆ. ಆರು ಗಂಟೆಗೆ 'ಲೈನ್ ತುಂಬಿತ್ತು' ಎಂದೆ. ಪರವಾಗಿಲ್ಲ, ಮುಂದಿನ ವಾರ ಮಾಡ್ತೀನಿ ಎಂದ. ಮಾಡಿದ. ಹಾಗೆ ಎರಡು ವರ್ಷ.

ಇಲ್ಲಿ ನನ್ನ ಬಗ್ಗೆ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಅರ್ಥವಾಗುವುದಿಲ್ಲ. ವಯಸ್ಸು ಮೂವತ್ತೆಂಟು. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಕಿಟಕಿ. ಭಾನುವಾರ ಬೇರೆ ಊರಿನಿಂದ ಅಣ್ಣ ಫೋನ್ ಮಾಡಿ 'ಹೇಗಿದ್ದೀಯಾ' ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಅತ್ತಿಗೆಯ ಕೈಗೆ ಕೊಡುತ್ತಾನೆ. ನಿಂತುಕೊಂಡೇ ಊಟ ಮಾಡುತ್ತೇನೆ, ಒಬ್ಬಳಿಗಾಗಿ ಕುರ್ಚಿ ಎಳೆಯುವುದೇಕೆ ಎಂದು. ಫುಟ್‌ಬಾಲ್ ಮೈದಾನವನ್ನು ನಾನು ಬಸ್ಸಿನಿಂದ ನೋಡಿದ್ದೇನೆ, ಒಳಗೆ ಕಾಲಿಟ್ಟಿಲ್ಲ. ಆದರೂ ಲೆಫ್ಟ್ ಬ್ಯಾಕ್‌ನ ಮೊಣಕಾಲು ನೋವು ನನಗೆ ಗೊತ್ತು, ಹಾಕಿ ತಂಡ ಮೂರನೇ ಕ್ವಾರ್ಟರ್‌ನಲ್ಲಿ ನಿದ್ದೆ ಹೋಗುವುದು ಗೊತ್ತು. ಎಲ್ಲ ಅವನು ಹೇಳಿದ್ದು.

ಅವನು ತಮಾಷೆಯವನೂ ಹೌದು. ಹಾಕಿಯ ಮುದಿ ಕ್ಯಾಪ್ಟನ್‌ನನ್ನು ಮಾರಬಾರದು, ಬೆಂಚಿನ ಮೇಲೆ ಕೂರಿಸಿದರೂ ಸಾಕು, ಅವನು ಸುಮ್ಮನೆ ದಿಟ್ಟಿಸಿದರೆ ಹುಡುಗರು ಓಡುತ್ತಾರೆ ಎನ್ನುತ್ತಿದ್ದ. ನೀವು ಯಾರ ಕಡೆ ಹೇಳಿ ಮೇಡಂ ಎಂದು ಒಮ್ಮೆ ಕೆಣಕಿದ. ನನಗೆ ಆಟವೇ ಗೊತ್ತಿಲ್ಲ ಎಂದೆ. "ಒಳ್ಳೇದಾಯ್ತು. ಗೊತ್ತಿರೋರು ಯಾರೂ ನನ್ನ ಮಾತು ಪೂರ್ತಿ ಕೇಳಲ್ಲ," ಎಂದ. ಮಂಗಳವಾರ ಆಫೀಸಿಗೆ ಹೋಗುವಾಗ ಲಿಫ್ಟಿನಲ್ಲಿ ಅದನ್ನು ನೆನೆದು ನಕ್ಕೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಂತರು.

ಒಂದು ಸೋಮವಾರ ಮಾತಿನ ನಡುವೆ, ಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಒಬ್ಬರು ಕಾಯ್ತಾ ಇರ್ತಾರೆ ಎಂದ. ಯಾರು ಎಂದು ಕೇಳಲಿಲ್ಲ. ಕೇಳಬೇಕಾದ್ದೇನಿದೆ? ಹೆಂಡತಿ. ಆ ದಿನದಿಂದ ಆ ಕಾಣದ ಹೆಂಗಸಿನಿಂದ ವಾರಕ್ಕೆ ಹತ್ತು ನಿಮಿಷ ಕದಿಯುತ್ತಿದ್ದೇನೆ ಎಂದುಕೊಂಡೆ. ಕದಿಯುವುದನ್ನು ನಿಲ್ಲಿಸಲಿಲ್ಲ.

ಇನ್ನೂ ಒಂದಿದೆ. ಬೈಯುವವರು ಕಡಿಮೆಯಾದ ದಿನ ಗುಡುಗು ನಾಲ್ಕು ಬೆರಳು ತೋರಿಸಿದ. ಲೈನ್ ನಾಲ್ಕು ಕೊಡು ಎಂದರ್ಥ. ನಾನು, ಅವನ ಕಿವಿಗೆ ಮಾತ್ರ ಕೇಳುವ ಮೈಕಿನಲ್ಲಿ, 'ಕಟ್ ಆಯ್ತು' ಎಂದೆ. ಕಟ್ ಆಗಿರಲಿಲ್ಲ. ಅವನು ಅಲ್ಲೇ ಇದ್ದ, ಯಂತ್ರ ಗುಂಯ್‌ಗುಡುತ್ತಿತ್ತು. ಒಳಗೆ ಬಿಟ್ಟರೆ ಊರೆಲ್ಲ ಅವನ ಮಾತು ಕೇಳುತ್ತದೆ, ಮುಗಿದ ಮೇಲೆ ಲೈನ್ ತಾನಾಗಿ ಬಿದ್ದುಹೋಗುತ್ತದೆ. ಅದು ನನಗೆ ಬೇಕಾಗಿರಲಿಲ್ಲ. ಎರಡು ವರ್ಷದಲ್ಲಿ ಮೂರು ಸಲ ಹೀಗೆ ಸುಳ್ಳು ಹೇಳಿದೆ. ಮೂರು ಸಲವೂ ಅವನಿಗೆ, ಲೈನ್ ತುಂಬಿತ್ತು ಎಂದೆ.

ಆಮೇಲೆ ಆ ಸೋಮವಾರ ಬಂತು. ಹಿಂದಿನ ಸಂಜೆ ಫುಟ್‌ಬಾಲ್ ತಂಡ ಕೊನೆಯ ಪಂದ್ಯವನ್ನೂ ಸೋತು ಕೆಳಗಿನ ಡಿವಿಷನ್‌ಗೆ ಜಾರಿತ್ತು. ಕೀಪರ್ ಕಾಲಸಂದಿಯಿಂದ ಚೆಂಡು ಬಿಟ್ಟಿದ್ದ. ಐದಕ್ಕೆ ಮೊದಲೇ ನಾಲ್ಕೂ ಲೈನಿನ ದೀಪ ಹೊತ್ತಿಕೊಂಡವು. ಬಸ್ ಡ್ರೈವರ್, ಕೀಪರ್‌ನನ್ನು ಊರು ಬಿಡಿಸಬೇಕು. ಕ್ಷೌರಿಕ, ಊರು ಬಿಡಿಸಿದರೆ ಸಾಲದು. ಗುಡುಗು ಅರ್ಧ ಗಂಟೆ ಹಬ್ಬ ಮಾಡಿದ. ಆಮೇಲೆ ಎಲ್ಲರೂ ಒಂದೇ ಮಾತು ಹೇಳುತ್ತಿರುವುದು ಅವನಿಗೇ ಬೇಸರ ತರಿಸಿತು. ಜಗಳಕ್ಕೆ ಎದುರಾಳಿ ಬೇಕಲ್ಲ. ಕೀಪರ್ ಪರವಾಗಿ ಮಾತಾಡುವವರನ್ನು ಒಬ್ಬರನ್ನಾದರೂ ಹುಡುಕು ಎಂದ.

ಇಡೀ ಊರಿನಲ್ಲಿ ಅಂಥವನು ಒಬ್ಬನೇ, ಅವನು ನಾಲ್ಕನೇ ಲೈನಿನಲ್ಲಿದ್ದ. ಇನ್ನೊಮ್ಮೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಇವತ್ತು ನಿಮ್ಮ ಸರದಿ," ಎಂದೆ. ದನಿ ಗಟ್ಟಿಯಾಗಿರಲೆಂದು ಮೇಜು ಹಿಡಿದುಕೊಂಡಿದ್ದೆ.

ಆ ಕಡೆ ಯಂತ್ರ ನಿಂತಿತು.

"ಇನ್ನು ಬೇಡ ಮೇಡಂ," ಎಂದ. "ಅದನ್ನೇ ಹೇಳೋಣ ಅಂತ ಫೋನ್ ಮಾಡ್ದೆ. ಅಪ್ಪನಿಗೋಸ್ಕರ ಮಾತಾಡ್ಬೇಕು ಅಂತಿದ್ದೆ. ಅವರಿಗೆ ಕಿವಿ ಪೂರ್ತಿ ಹೋಯ್ತು. ಇನ್ನು ಮಿಷನ್ ಹಾಕಿದ್ರೂ ಪ್ರಯೋಜನ ಇಲ್ಲ ಅಂತ ಡಾಕ್ಟರು ಹೇಳಿಬಿಟ್ರು."

ಉಳಿದದ್ದನ್ನು ಅವನು ಸಮಾಧಾನವಾಗಿಯೇ ಹೇಳಿದ. ಅವನ ಅಪ್ಪ ಮೂವತ್ತು ವರ್ಷ ಫುಟ್‌ಬಾಲ್ ಮೈದಾನದಲ್ಲಿ ಸುಣ್ಣದ ಗೆರೆ ಎಳೆದವರು. ಮಗ ರೇಡಿಯೋದಲ್ಲಿ ಮಾತಾಡ್ತಾನೆ ಎಂದು ಮೊದಮೊದಲು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸುತ್ತಿದ್ದರು. ಕೆಲವು ತಿಂಗಳಾದ ಮೇಲೆ ಅವರು ಬರುವುದು ಬಿಟ್ಟರು. ಅಪ್ಪ ಒಬ್ಬರೇ ರೇಡಿಯೋಗೆ ಕಿವಿ ಒತ್ತಿಕೊಂಡು ಕೂರುತ್ತಿದ್ದರು, ಒಂದು ಸೋಮವಾರವೂ ತಪ್ಪದೆ.

ಹೆಂಡತಿಯಲ್ಲ, ಅಪ್ಪ. ಒಂದು ಗಳಿಗೆ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮರುಗಳಿಗೆ ನೆಲ ಕುಸಿದ ಹಾಗಾಯಿತು. ಗುಡುಗು ಗಾಜು ತಟ್ಟುತ್ತಿದ್ದ. ನಾನು ಅವನಿಗೆ ಬೆನ್ನು ಹಾಕಿ ಕೂತೆ.

"ಲೈನ್ ತುಂಬಿರ್ಲಿಲ್ಲ," ಎಂದೆ. "ಮೂರು ಸಲ ನಿಮ್ಮನ್ನ ಕೇಳಿದ್ರು. ಕಟ್ ಆಯ್ತು ಅಂತ ನಾನೇ ಸುಳ್ಳು ಹೇಳ್ದೆ. ಒಳಗೆ ಬಿಟ್ರೆ ನೀವು ಹೋಗಿಬಿಡ್ತೀರಿ ಅಂತ."

ಅವನ ಉಸಿರು ಕೇಳಿಸುತ್ತಿತ್ತು. ಆಮೇಲೆ ಅದೂ ಇಲ್ಲ. ನಾಲ್ಕನೇ ದೀಪ ಆರಿತು. ಗುಡುಗು ಮುಖ ಊದಿಸಿಕೊಂಡು ಜಾಹೀರಾತು ಹಾಕಿದ.

ಮುಂದಿನ ಸೋಮವಾರ ಅವನು ಫೋನ್ ಮಾಡಲಿಲ್ಲ. ಅದರ ಮುಂದಿನದೂ ಇಲ್ಲ. ನಾಲ್ಕನೇ ಲೈನಿನಲ್ಲಿ ಯಾರ್ಯಾರೋ ಬಂದರು. ಪ್ರತಿ ಸಲ ದೀಪ ಹೊತ್ತಿದಾಗ ನನ್ನ ಕೈ ಅವಸರಪಡುತ್ತಿತ್ತು, 'ಹಲೋ' ಕೇಳಿದ ಮೇಲೆ ಸುಮ್ಮನಾಗುತ್ತಿತ್ತು. ಹಳೆಯ ನಂಬರು ಕಂಪ್ಯೂಟರಿನಲ್ಲೇ ಇತ್ತು. ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ? ಕೋಣೆಯಲ್ಲಿ ಸಂಜೆ ಹೊತ್ತು ಕಿಟಕಿಯ ಬಳಿ ನಿಂತು, ಎದುರಿನ ಮನೆಗಳಲ್ಲಿ ಒಂದೊಂದಾಗಿ ದೀಪ ಹಚ್ಚುವುದನ್ನು ನೋಡುತ್ತಿದ್ದೆ. ಅವನ ಮುಖ ನನಗೆ ಗೊತ್ತಿರಲಿಲ್ಲ. ಆದರೂ ಅವನನ್ನು ಪ್ರೀತಿಸುತ್ತಿದ್ದೆ, ಅದರಲ್ಲಿ ಅನುಮಾನವಿರಲಿಲ್ಲ. ಮುಖ ಗೊತ್ತಿಲ್ಲದವನು ಬಿಟ್ಟುಹೋದರೆ ಯಾರ ಹತ್ತಿರ ಹೇಳಿಕೊಂಡು ಅಳುವುದು? ಅಣ್ಣನ ಫೋನ್ ಬಂದಾಗ ಎಲ್ಲ ಚೆನ್ನಾಗಿದೆ ಎಂದೆ. ಅವನು ಅತ್ತಿಗೆಗೆ ಕೊಟ್ಟ.

ಐದನೇ ಸೋಮವಾರ, ಐದು ಮುಕ್ಕಾಲಿಗೆ ಯಂತ್ರದ ಸದ್ದು ಕೇಳಿಸಿತು.

"ಕಸುಬು?" ಎಂದೆ. ಬೇರೇನೂ ಬಾಯಿಗೆ ಬರಲಿಲ್ಲ.

"ಕಟ್ಟುಹಲ್ಲು," ಎಂದ. "ಅಭಿಪ್ರಾಯ ಕೇಳ್ಬೇಡಿ, ನಾನೇ ಹೇಳ್ತೀನಿ. ನಿಮ್ಮ ಗುಡುಗು ಎಂಥೋರನ್ನ ತಗೋತಾರೆ ಅಂತ ಊರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಬಾಯಿಗೆ ಬಂದ ಹಾಗೆ ಬೈದಿದ್ರೆ ಎರಡನೇ ವಾರಾನೇ ನೀವು ನನ್ನ ಒಳಗೆ ಬಿಟ್ಟಿರ್ತಿದ್ರಿ. ಒಂದೇ ಒಂದು ಸಲ ಬೈದಿದ್ರೆ ಅಪ್ಪ ಕೇಳಿಸ್ಕೋತಿದ್ರು." ಯಂತ್ರ ನಿಲ್ಲಿಸಿದ. "ಬೈಲಿಲ್ಲ. ಬೈದ್ರೆ ನೀವು ಮಾತಾಡೋದು ಅಲ್ಲಿಗೇ ಮುಗೀತಿತ್ತಲ್ಲ."

ಮೂರನೇ ಲೈನಿನಲ್ಲಿ ಯಾರೋ ಹಾಕಿ ತಂಡದ ಮೂರನೇ ಕ್ವಾರ್ಟರನ್ನು ಶಪಿಸಲು ಕಾಯುತ್ತಿದ್ದರು. ಕಾಯಲಿ ಎಂದುಕೊಂಡೆ.

"ಅಪ್ಪನಿಗೆ ಇಬ್ಬರೂ ಸೇರಿ ಹೇಳೋಣ," ಎಂದ. "ಒಬ್ಬನಿಗೇ ಧೈರ್ಯ ಇಲ್ಲ."

ಭಾನುವಾರ ಮಧ್ಯಾಹ್ನ ಅವನ ಮನೆಗೆ ಹೋದೆ. ನಾನು ಎತ್ತರದವನನ್ನು ಕಲ್ಪಿಸಿಕೊಂಡಿದ್ದೆ. ಬಾಗಿಲು ತೆರೆದವನು ನನ್ನಷ್ಟೇ ಇದ್ದ, ತಲೆಯಲ್ಲಿ ಕೂದಲು ಹಿಂದೆ ಸರಿಯುತ್ತಿತ್ತು, ಉಗುರಿನ ಸಂದಿಯಲ್ಲಿ ಕಟ್ಟುಹಲ್ಲಿನ ವಸಡಿನ ಗುಲಾಬಿ ಬಣ್ಣದ ಪುಡಿ. ಅವನು ಮೊದಲು ನೋಡಿದ್ದು ನನ್ನ ಬಾಯಿಯನ್ನು. ನೋಡಿದ್ದು ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಗಿ ಕಿವಿಯವರೆಗೆ ಕೆಂಪಾದ. "ಅಭ್ಯಾಸ," ಎಂದ. ಪಾಸೋ ಫೇಲೋ ಎಂದು ಕೇಳಿದೆ. "ಕೆಳಗಿನ ಸಾಲಲ್ಲಿ ಒಂದು ಸ್ವಲ್ಪ ವಾಲಿದೆ. ಅದು ಹಾಗೇ ಇರ್ಲಿ," ಎಂದ. ಆಮೇಲೆ ನನ್ನ ಕಣ್ಣು ನೋಡಿದ, ನೋಟವನ್ನು ಬೇಗ ತೆಗೆಯಲಿಲ್ಲ.

ಒಳಗೆ ಅಪ್ಪ ಮೇಜಿನ ಮುಂದೆ ಕೂತಿದ್ದರು. ದೊಡ್ಡ ಆಳು, ಬೆನ್ನು ಮಾತ್ರ ಬಾಗಿತ್ತು, ಗೆರೆ ಎಳೆದೂ ಎಳೆದೂ ಇರಬೇಕು. ಮುಂದೆ ಒಂದು ನೋಟ್‌ಬುಕ್ಕು. ಅವರಿಗೆ ಹೇಳುವುದನ್ನೆಲ್ಲ ಅದರಲ್ಲಿ ಬರೆಯಬೇಕು. ನಾನು ನಿಂತೇ ಬರೆದೆ, ಎಲ್ಲವನ್ನೂ, ಮೂರು ಸುಳ್ಳನ್ನೂ. ಕೆಳಗೆ ಮಗ ತನ್ನದನ್ನು ಬರೆದ. ಅವರು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಂದು ಸಲ ಓದಿದರು. ಪುಟದ ಮೇಲೆ ಅಂಗೈ ಇಟ್ಟುಕೊಂಡು ತುಂಬ ಹೊತ್ತು ಹೊರಗೆ ನೋಡುತ್ತ ಕೂತರು. ನಾನು ಹೊರಟುಬಿಡಬೇಕೆಂದು ಚೀಲ ಎತ್ತಿಕೊಂಡೆ.

"ಎರಡು ವರ್ಷ," ಎಂದರು. ಕಿವಿ ಕೇಳದವರ ದನಿ, ಬೀದಿಗೆಲ್ಲ ಕೇಳಿಸುವಂತಿತ್ತು. ನಾನು ತಲೆ ತಗ್ಗಿಸಿದೆ. ಅವರು ನೋಟ್‌ಬುಕ್ಕನ್ನು ನನ್ನ ಕಡೆಗೆ ತಳ್ಳಿ, ಕುರ್ಚಿ ತೋರಿಸಿದರು. "ಇವನು ನಿನ್ನ ಹತ್ರ ಏನು ಹೇಳ್ತಿದ್ದ? ಎಲ್ಲಾ ಬರಿ. ಮೊದಲನೇ ದಿನದಿಂದ."

ಕೂತು ಬರೆದೆ. ಮೊದಲ ಸೋಮವಾರ, ಲೆಫ್ಟ್ ಬ್ಯಾಕ್. ಅವರು ಓದಿ, ಅದು ಶುದ್ಧ ತಪ್ಪು, ಮಧ್ಯದಲ್ಲಿ ಆಡುವವನು ಜಾಗ ಮುಚ್ಚಬೇಕಿತ್ತು ಎಂದು ಮೇಜು ಗುದ್ದಿದರು. ಎರಡನೇ ಸೋಮವಾರ, ಹೊಸ ಕೋಚ್ ಎತ್ತರದ ಆಟಗಾರನನ್ನು ಅರವತ್ತನೇ ನಿಮಿಷಕ್ಕೇ ಹೊರಗೆ ಕರೆಯುವುದು. ಇದು ಸರಿ ಎಂದರು, ಒಲ್ಲದ ಮನಸ್ಸಿನಿಂದ. ಮೂರನೆಯದು, ನಾಲ್ಕನೆಯದು. ನಾನು ಬರೆಯುತ್ತಲೇ ಹೋದೆ. ಮಗ ನನ್ನ ಹಿಂದೆ ನಿಂತು ಓದುತ್ತಿದ್ದ. ನಡುನಡುವೆ 'ಇದನ್ನ ನಾನು ಹೇಳಿದ್ನಾ' ಎನ್ನುತ್ತಿದ್ದ. ಆಮೇಲೆ ಅದೂ ನಿಂತಿತು.

"ಇದನ್ನೆಲ್ಲ ನೆನಪಿಟ್ಕೊಂಡಿದ್ದೀರಾ?" ಎಂದ, ಮೆಲ್ಲಗೆ.

"ನೆನಪಿಟ್ಕೊಳ್ಳೋಕೆ ನನ್ನ ಹತ್ರ ಬೇರೇನಿತ್ತು?" ಎಂದೆ.

ನನ್ನ ಕುರ್ಚಿಯ ಬೆನ್ನಿನ ಮೇಲೆ ಅವನ ಕೈ ಬಂತು, ಅಲ್ಲಿಂದ ನನ್ನ ಭುಜದ ಮೇಲಕ್ಕೆ. ಎದುರಿಗೆ ಅಪ್ಪ ಕಂಡೂ ಕಾಣದವರ ಹಾಗೆ ಪುಟ ತಿರುವಿದರು.

ಬೆಳಕು ಹೋಗುವ ಹೊತ್ತಿಗೆ ನಾವು ಇನ್ನೂ ಮೊದಲ ವರ್ಷದ ಎರಡನೇ ತಿಂಗಳಿನಲ್ಲಿದ್ದೆವು. ಅಪ್ಪ ಬಿಡುವವರಲ್ಲ, ಉಳಿದದ್ದನ್ನು ನಾಳೆ ಬಂದು ಬರಿ ಎಂದರು. ನಾಳೆ ಸೋಮವಾರ, ಕೆಲಸ ಇದೆ ಎಂದು ಬರೆದು ತೋರಿಸಿದೆ. ಹಾಗಾದರೆ ಮಂಗಳವಾರ ಎಂದರು.

ಅವನು ಬಸ್ ಸ್ಟಾಪಿನವರೆಗೆ ಬಂದ. ಮಾತಿಲ್ಲದೆ ನಡೆದೆವು, ಫೋನ್ ಇಲ್ಲದೆ ಮಾತು ಶುರು ಮಾಡುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಬಸ್ ತಿರುವಿನಲ್ಲಿ ಕಾಣಿಸಿದಾಗ ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ.

"ಇನ್ನೂ ತೊಂಬತ್ತು ಚಿಲ್ಲರೆ ಸೋಮವಾರ ಉಳಿದಿದೆ," ಎಂದ. "ನಿಧಾನವಾಗಿ ಬರೀರಿ."

"ನಿಧಾನವಾಗೇ ಬರೀತೀನಿ," ಎಂದೆ.