ತಾಪಾಂಕ ಸೊನ್ನೆ

ವಿಜಯಪುರದ ಹಿಮಧಾರಾ ಸಂಸ್ಥೆಯಲ್ಲಿ ‘ಅಹವಾಲು ಜರಡಿ’ ಎಂಬ ಯಂತ್ರ ಬೆಳಗಿನ ಇಮೇಲುಗಳನ್ನು ಸೋಸುತ್ತಿತ್ತು. ಮನೆಗೊಂದು ತಂಪುಗೂಡು ಇಲ್ಲದೆ ಬದುಕಲಾಗದ ಕಾಲ ಅದು. ಹೊರಗೆ ಬಿಸಿಲು ಐವತ್ತು ಡಿಗ್ರಿ ದಾಟಿದ ಮೇಲೆ ಆ ಪುಟ್ಟ ಕೋಣೆಯೇ ಜನರ ಜೀವ. ಅದು ಕೆಟ್ಟರೆ ಸಂಸ್ಥೆಗೆ ಇಮೇಲ್ ಬರೆಯಬೇಕು. ಜರಡಿ ಅದನ್ನು ಕಣ್ಣು ಮಿಟುಕಿಸುವುದರೊಳಗೆ ಓದಿ, ಸಂಖ್ಯೆ ಹಾಕಿ, ದೂರುಚೀಟಿಯಾಗಿ ಮಾರ್ಪಡಿಸಿ ರಿಪೇರಿಯವರ ಸಾಲಿಗೆ ಸೇರಿಸುತ್ತಿತ್ತು. ನಡುವೆ ಮನುಷ್ಯರು ಯಾರೂ ಇರಲಿಲ್ಲ.

ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ? ಜರಡಿಯ ಜಾಣತನವಿದ್ದದ್ದು ಇಲ್ಲಿಯೇ. ಪ್ರತಿಯೊಬ್ಬರೂ ತಮ್ಮದೇ ತುರ್ತು ಎನ್ನುತ್ತಾರೆ, ಆ ಮಾತನ್ನು ನಂಬುವಂತಿಲ್ಲ. ಆದರೆ ಸಿಟ್ಟು ಸುಳ್ಳು ಹೇಳುವುದಿಲ್ಲ ಎಂಬುದು ಜರಡಿಯನ್ನು ರೂಪಿಸಿದ ವಿಜ್ಞಾನಿ ಡಾ. ಇಂದುಮತಿ ಕುಲಗೋಡ ಅವರ ಸಿದ್ಧಾಂತ. ಪತ್ರದಲ್ಲಿನ ಸಿಟ್ಟನ್ನು ಅಳೆದು ಜರಡಿ ಅದಕ್ಕೊಂದು ತಾಪಾಂಕ ಕೊಡುತ್ತಿತ್ತು. ಹೆಚ್ಚು ತಾಪಾಂಕದವರ ಮನೆಗೆ ರಿಪೇರಿ ಗಾಡಿ ಮೊದಲು ಹೋಗುತ್ತಿತ್ತು. ಅದೇ ವ್ಯಕ್ತಿ ಮತ್ತೆ ಬರೆದರೆ ಆ ಪತ್ರವೂ ಹಳೆಯ ಚೀಟಿಗೇ ಸೇರಿ, ತಾಪಾಂಕ ಹೊಸದಾಗಿ ಲೆಕ್ಕವಾಗುತ್ತಿತ್ತು. ಅದು ಸೊನ್ನೆಗೆ ಇಳಿಯಿತೆಂದರೆ ಗಿರಾಕಿ ಸಮಾಧಾನಗೊಂಡಿದ್ದಾನೆ, ಕೆಲಸ ಮುಗಿದಿದೆ ಎಂದು ಅರ್ಥ. ಚೀಟಿ ತಾನಾಗಿ ಮುಚ್ಚಿಹೋಗುತ್ತಿತ್ತು.

ಉದ್ಘಾಟನೆಯ ದಿನ ಒಬ್ಬ ಪತ್ರಕರ್ತ ಎದ್ದು ಕೇಳಿದ್ದ: “ಮೇಡಂ, ಸಿಟ್ಟು ಮಾಡಾಕ ಬರದವರ ಗತಿ ಏನ್ರಿ?”

“ಅತ್ತ ಕೂಸಿಗೇ ಹಾಲು ಅಂತ ನಮ್ಮ ಹಿರಿಯರೇ ಹೇಳ್ಯಾರಲ್ರಿ,” ಎಂದಿದ್ದರು ಇಂದುಮತಿ. ಸಭೆ ಚಪ್ಪಾಳೆ ತಟ್ಟಿತ್ತು. ಚಪ್ಪಾಳೆಗೇನು, ತಂಪಾದ ಸಭಾಂಗಣದಲ್ಲಿ ಅದು ಸುಲಭವಾಗಿ ಹುಟ್ಟುತ್ತದೆ.

ಊರು ಬೇಗ ಪಾಠ ಕಲಿಯಿತು. ಮಠದ ಸ್ವಾಮಿಗಳಿಂದ ಹಿಡಿದು ಬಾಲವಾಡಿಯ ಅಕ್ಕೋರವರೆಗೆ ಎಲ್ಲರೂ ಇಮೇಲಿನಲ್ಲಿ ಬೈಯತೊಡಗಿದರು. ಸಿಟ್ಟು ಸುಳ್ಳು ಹೇಳುವುದಿಲ್ಲ ಎಂಬ ಸಿದ್ಧಾಂತ ಅಂದೇ ಮಣ್ಣುಪಾಲಾಗಿತ್ತು. ಆದರೆ ಬೈಗುಳ ಓದಲು ಕಚೇರಿಯಲ್ಲಿ ಯಾರೂ ಇಲ್ಲದ್ದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ.

ಬೈಯಲು ಬಾರದವರಲ್ಲಿ ಗಾಂಧಿ ಚೌಕದ ಹಿಂದೆ ರೊಟ್ಟಿ ಬಡಿದು ಮಾರುವ ನೀಲಗಂಗಮ್ಮ ಒಬ್ಬರು. ಅವರ ಮಗಳು ಶಾಂಭವಿ ಹಸಿ ಬಾಣಂತಿ. ಬಾಣಂತಿಯೂ ಕೂಸೂ ಇದ್ದ ತಂಪುಗೂಡು ಒಂದು ಮುಂಜಾನೆ ನರಳಿ ನಿಂತುಬಿಟ್ಟಿತು. “ತಮಗೆ ಬಿಡುವಾದಾಗ ಈ ಕಡೆ ಬಂದು ಹೋದರೆ ಉಪಕಾರವಾಗುತ್ತದೆ” ಎಂದು ನೀಲಗಂಗಮ್ಮ ಬರೆದರು. ತಾಪಾಂಕ ಬರೀ ಎರಡು. ಚೀಟಿ ಸಾಲಿನ ಕಟ್ಟಕಡೆಗೆ ಹೋಗಿ ಕುಳಿತಿತು. ಬಿಸಿಲೇರಿತು, ಯಾರೂ ಬರಲಿಲ್ಲ.

ಪಕ್ಕದ ಮನೆಯ ಸಿದಗೊಂಡಪ್ಪ ನಿವೃತ್ತ ಬಸ್ ಕಂಡಕ್ಟರ್. ಬೈಗುಳದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಓಣಿಯ ಮಂದಿಗೆಲ್ಲ ಅವರೇ ದೂರು ಬರೆದುಕೊಡುತ್ತಿದ್ದರು.

“ನೀಲವ್ವ, ಹಿಂಗ ಬರದ್ರ ಬರೂ ಉಗಾದಿಗೆ ಬರ್ತಾರ ನೋಡು. ತಾ ಇಲ್ಲೆ, ನಾ ಬರೀತೀನಿ.”

“ಭಾಳ ಬಿರುಸು ಬ್ಯಾಡೋ ಯಪ್ಪಾ.”

“ಬಿರುಸಿದ್ರನ ಗಾಡಿ ಬರತೈತಿ, ಸುಮ್ನಿರು.”

ಸಿದಗೊಂಡಪ್ಪ ನೀಲಗಂಗಮ್ಮನ ಹೆಸರಿನಲ್ಲಿ ಬರೆದ ಪತ್ರವನ್ನು ಇಲ್ಲಿ ಕೊಡುವಂತಿಲ್ಲ. ಓದುವವರ ಏಳು ತಲೆಮಾರನ್ನೂ ಅದು ಬಿಟ್ಟಿರಲಿಲ್ಲ. ತಾಪಾಂಕ ನೂರಕ್ಕೆ ತೊಂಬತ್ತೆಂಟು! ಚೀಟಿ ಸಾಲಿನ ತಲೆಗೆ ಹಾರಿತು. ರಿಪೇರಿ ಗಾಡಿ ಕೂಡಲೇ ಹೊರಟಿತು.

ಆದರೆ ನೀಲಗಂಗಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಪತ್ರವನ್ನು ಯಾರೋ ಒಬ್ಬರು ಓದುತ್ತಿರುತ್ತಾರೆ, ಅವರಿಗೂ ಹೆತ್ತವರಿದ್ದಾರೆ, ಆ ಹೆತ್ತವರನ್ನು ತನ್ನ ಹೆಸರಿನಲ್ಲಿ ಬೈದದ್ದಾಯಿತು ಎಂದು ನಾಚಿಕೆಯಿಂದ ಮೈ ಹಿಡಿಯಾಯಿತು. ಹೇಗೂ ಗಾಡಿ ಹೊರಟಿದೆ ಎಂಬ ಸಂದೇಶ ಬಂದಿತ್ತಲ್ಲ. ಕೂಸಿಗೆ ಬೀಸುತ್ತಲೇ ಒಂದು ಕೈಯಿಂದ ಇನ್ನೊಂದು ಪತ್ರ ಬರೆದರು:

“ತಮ್ಮಾ ಇಲ್ಲಾ ತಂಗೀ, ಯಾರ ಇರಲಿ, ಈಗ ಬಂದ ಪತ್ರ ಓದಿ ನಿನಗ ಭಾಳ ನೋವಾಗಿರಬೇಕು. ಅದು ನನ್ನ ಮಾತಲ್ಲ, ಆದ್ರ ಹೆಸರು ನಂದ ಐತಿ. ತಪ್ಪಾತು, ಹೊಟ್ಯಾಗ ಹಾಕ್ಕೋ. ಮನಸ್ಸಿಗೆ ಹಚ್ಕೊಂಡು ಊಟ ಬಿಡಬ್ಯಾಡ.”

ಜರಡಿ ಓದಿತು. ಹಳೆಯ ಚೀಟಿಗೆ ಹೊಲಿಯಿತು. ಮರಳಿ ಅಳೆಯಿತು. ತಾಪಾಂಕ ಸೊನ್ನೆ. ಗಿರಾಕಿ ಸಮಾಧಾನಗೊಂಡಿದ್ದಾರೆ. ಚೀಟಿ ಮುಚ್ಚಿತು, ಸ್ಟೇಷನ್ ರಸ್ತೆಯವರೆಗೆ ಬಂದಿದ್ದ ಗಾಡಿ ಇನ್ನೊಬ್ಬರ ಮನೆಯ ಕಡೆ ತಿರುಗಿಕೊಂಡಿತು.

ಇದು ತಿಳಿಯದೆ ಮನೆಯವರು ಗಾಡಿಯ ದಾರಿ ಕಾಯುತ್ತಲೇ ಇದ್ದರು. ಮಧ್ಯಾಹ್ನದವರೆಗೆ ಅತ್ತ ಕೂಸು ಆಮೇಲೆ ಅಳುವುದನ್ನು ನಿಲ್ಲಿಸಿತು. ನಿದ್ದೆ ಹತ್ತಿತೆಂದು ಶಾಂಭವಿ ತಿಳಿದಳು. ಮುಟ್ಟಿ ನೋಡಿದರೆ ಮೈ ಹೆಂಚಿನಂತೆ ಸುಡುತ್ತಿತ್ತು. ಸಿದಗೊಂಡಪ್ಪ ಕೂಸನ್ನು ಒದ್ದೆ ಧೋತರದಲ್ಲಿ ಸುತ್ತಿಕೊಂಡು ಆ ಉರಿಬಿಸಿಲಲ್ಲಿ ಆಸ್ಪತ್ರೆಗೆ ಓಡಿದರು.

ಕೂಸು ಉಳಿಯಿತು. ಮುಂದೆ ಏನಾದರೂ ಕೊರತೆ ಉಳಿದೀತೇ ಎಂದು ಮಾತ್ರ ಈಗಲೇ ಹೇಳಲಾಗದು ಎಂದರು ವೈದ್ಯರು.

ಆಸ್ಪತ್ರೆಯಿಂದ ವಿಚಾರಣೆ ಬಂದಾಗ ಇಂದುಮತಿ ಆ ಚೀಟಿಯನ್ನು ತೆರೆದರು. ಜರಡಿ ಕೆಲಸ ಶುರುಮಾಡಿದ ಮೇಲೆ ಅವರು ಗಿರಾಕಿಯ ಪತ್ರವೊಂದನ್ನು ಕಣ್ಣಾರೆ ಓದಿದ್ದು ಅದೇ ಮೊದಲು. “ಊಟ ಬಿಡಬ್ಯಾಡ” ಎಂಬ ಸಾಲಿಗೆ ಬಂದಾಗ ಅವರ ಕಿವಿಯವರೆಗೂ ಬಿಸಿಯೇರಿತು. ಯಂತ್ರ ಎಲ್ಲಿಯೂ ತಪ್ಪಿರಲಿಲ್ಲ, ಅವರು ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆಯೇ ಮಾಡಿತ್ತು. ಕ್ಷಮೆ ಕೇಳಿ ಅದೇ ಚೀಟಿಗೆ ಉತ್ತರ ಬರೆದರು. ಜರಡಿ ಅದನ್ನೂ ಓದಿ ಬೀಗ ಹಾಕಿತು: ‘ತಾಪಾಂಕ ಸೊನ್ನೆ. ಕೆಲಸ ಮುಗಿದಿದೆ.’ ಪತ್ರ ಕಚೇರಿಯಿಂದ ಹೊರಗೇ ಹೋಗಲಿಲ್ಲ. ಜರಡಿಯನ್ನು ನಿಲ್ಲಿಸಿ, ಪತ್ರಗಳನ್ನು ಓದಲು ನಾಲ್ಕು ಜನರನ್ನು ಕೂರಿಸಿ, ಇಂದುಮತಿ ತಾವೇ ಆಸ್ಪತ್ರೆಗೆ ಹೊರಟರು.

ಕೂಸನ್ನು ಇರಿಸಿದ್ದ ಕೋಣೆಯ ಹೊರಗೆ, ಶಾಂಭವಿಗೆ ಕೊಟ್ಟಿದ್ದ ಮಂಚದ ಪಕ್ಕ ನೀಲಗಂಗಮ್ಮ ನೆಲದ ಮೇಲೆ ಕುಳಿತಿದ್ದರು. ಇಂದುಮತಿ ಅವರೆದುರು ಕುಳಿತು, ತಾವು ಯಾರೆಂದು ಹೇಳಿದರು.

ನೀಲಗಂಗಮ್ಮ ಗಡಬಡಿಸಿ ಸೆರಗು ಸರಿಪಡಿಸಿಕೊಂಡರು. “ಹಂಗಾದ್ರ ಆ ಬೈಗುಳ ಓದಿದವ್ರು ನೀವ ಏನ್ರಿ?”

“ಇಲ್ಲವ್ವ. ಬಂದಾಗ ಅದನ್ನು ಯಾರೂ ಓದಲಿಲ್ಲ.”

“ನನ್ನ ಎರಡನೇ ಪತ್ರ?”

“ಬಂದಾಗ ಅದನ್ನೂ ಯಾರೂ ಓದಲಿಲ್ಲ. ಬರೀ ಯಂತ್ರ.”

ಈಗ ಬೈಯುತ್ತಾರೆ ಎಂದು ಇಂದುಮತಿ ಕಾದರು. ಬೈದರೆ ಸಾಕು, ಬೈದರೆ ನಾನು ಬದುಕಿದೆ ಎನ್ನಿಸಿತ್ತು ಅವರಿಗೆ.

ನೀಲಗಂಗಮ್ಮ ಎದೆಯ ಮೇಲೆ ಕೈಯಿಟ್ಟು ನೆಮ್ಮದಿಯ ಉಸಿರು ಬಿಟ್ಟರು. “ಬಿಡ್ರಿ, ಅಷ್ಟರ ಚಲೋ ಆತು. ಯಾರ ಮನಸ್ಸಿಗೂ ನೋವಾಗ್ಲಿಲ್ಲಲ್ಲ. ನಂಗ ಅದ ಒಂದು ಚಿಂತಿ ಹತ್ತಿತ್ತು ನೋಡ್ರಿ.”

ಒಳಗಿನ ಕೋಣೆಯಲ್ಲಿ ಕೂಸು ಅಳತೊಡಗಿತು. ಶಾಂಭವಿ ಗಡಬಡಿಸಿ ಎದ್ದು ಹಾಲೂಡಿಸಲು ಹೋದಳು. ಇಂದುಮತಿಗೆ ಮಾತ್ರ ತಲೆ ಎತ್ತಲಾಗಲಿಲ್ಲ.